ನೆತ್ತಿಗೆ ತೂತಿಲ್ಲದ ಕೊಡೆ

ನನ್ನ ಗಂಡ ಹೂಂ ಅನ್ನದ ಮನುಷ್ಯ ಏನಲ್ಲ. ಸಾರು ಇನ್ನೊಂದು ಸೌಟು ಹಾಕಲಾ ಅಂದರೆ ಹೂಂ. ಈ ಸೀರೆ ನನಗೆ ಒಪ್ಪುತ್ತಾ ಅಂದರೆ ತಲೆ ಎತ್ತದೇನೇ ಹೂಂ. ಬೇಕಂತಲೇ ಜಗಳ ತೆಗೆದರೂ ಹೂಂ, ಅದಕ್ಕೆ ನಾನು ಇನ್ನಷ್ಟು ಉರಿದುಬಿದ್ದರೆ ಇನ್ನೊಂದು ಹೂಂ. ಗಡಿಯಾರ ರಿಪೇರಿ ಮಾಡುವವರು ಅವರು, ಹೆಸರು ದಾಮೋದರ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಅಂಗಡಿಗೆ ಬಂದ ಗಿರಾಕಿಗೂ ಅದೇ, ಹಾಲಿನವನಿಗೂ ಅದೇ, ಹೂಂ. ಆದರೆ ರಾಕೆಟ್ಟಿನ ಸುದ್ದಿ ಬಂತೋ, ಮುಗೀತು. ನನ್ನ ಎದುರಿಗೆ ಬಾಯಿಗೆ ಬೀಗ. ಮದುವೆಯಾಗಿ ಆರು ವರ್ಷದಲ್ಲಿ ಆ ಒಂದು ವಿಷಯಕ್ಕೆ ಅವರ ಬಾಯಿಂದ ನನಗೆ ಒಂದೇ ಒಂದು ಹೂಂ ಬಿದ್ದಿರಲಿಲ್ಲ.

ನಾನು ಆಚೆಯವಳು, ಅದಕ್ಕೆ. ಈ ಊರಿನ ನಡುವೆ ಒಂದು ಸುಣ್ಣದ ಗೆರೆ ಇದೆ. ಎಣ್ಣೆ ಗಾಣದ ಹಿಂದೆ ಶುರುವಾಗಿ, ತರಕಾರಿ ಮಾರ್ಕೆಟ್ಟನ್ನು ಸೀಳಿಕೊಂಡು, ಬದನೆಕಾಯಿ ಮಾರುವವಳ ಎರಡು ಬುಟ್ಟಿಗಳ ನಡುವೆ ಹಾದು, ಕೆರೆ ಏರಿ ಹತ್ತಿ ಮರೆಯಾಗುತ್ತದೆ. ತಿಂಗಳಿಗೊಮ್ಮೆ ರಹದಾರಿ ಕಚೇರಿಯ ಜವಾನ ಬಕೆಟ್ಟು ಹಿಡಿದು ಬಂದು ಹೊಸ ಸುಣ್ಣ ಬಳಿದು ಹೋಗುತ್ತಾನೆ. ಜನ ದಾಟಬಹುದು. ದನ, ಹಾಲು, ಮದುವೆ ದಿಬ್ಬಣ, ಎಲ್ಲ ದಾಟಬಹುದು. ರಾಕೆಟ್ ಮಾತ್ರ ಈಚೆಯಿಂದ ಆಚೆಗೆ ರಹದಾರಿ ಚೀಟಿ ಇಲ್ಲದೆ ದಾಟುವಂತಿಲ್ಲ, ಆ ಚೀಟಿ ಯಾರಿಗಾದರೂ ಸಿಕ್ಕಿದ್ದನ್ನು ಕಂಡವರಿಲ್ಲ. ರಾಕೆಟ್ ಅಂದರೆ ಬರೀ ರಾಕೆಟ್ಟೂ ಅಲ್ಲ. ಕೊಳವೆ ಎಷ್ಟು ಉದ್ದ, ಮದ್ದು ಎಷ್ಟು ತೂಕ, ರೆಕ್ಕೆ ಎಷ್ಟು ಓರೆ, ಹೋದದ್ದು ಎಲ್ಲಿ ಬಂದು ಇಳಿಯುತ್ತೆ, ಇಷ್ಟೂ ರಾಕೆಟ್ಟೇ. ಆಚೆ ಹುಟ್ಟಿದವರ ಕಿವಿಗೆ ಇದರಲ್ಲಿ ಒಂದು ಬಿತ್ತು ಅಂದರೆ, ಅವರು ಈಚೆ ಮನೆಯ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ನಿಂತಿದ್ದರೂ ಸರಿಯೆ, ಸರಕು ಗೆರೆ ದಾಟಿತು ಅಂತಲೇ ಲೆಕ್ಕ.

ಕಚೇರಿಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಾರೆ. ಆಚೆಯವರು ರಾಕೆಟ್ ಬಗ್ಗೆ ಏನಾದರೂ ಅಂದಾಗ ಈಚೆಯವರು ತಲೆ ಆಡಿಸಿದರೆ ಒಂದು ವರ್ಷ ರಾಕೆಟ್ ಮುಟ್ಟುವಂತಿಲ್ಲ. ಹೂಂ ಅಂದರೆ ಮೂರು ವರ್ಷ. ಒಂದು ಪೂರ್ತಿ ಮಾತು ಹೇಳಿಬಿಟ್ಟರೆ ಏಳು. ರಾಕೆಟ್ಟೇ ಗೆರೆ ದಾಟಿ ಬಿದ್ದರೂ ಏಳು, ಇಳಿಯುವ ಲೆಕ್ಕಕ್ಕೆ ಸಹಿ ಹಾಕಿದವರಿಗೆ, ಗಾಳಿಯ ತಪ್ಪು ಅಂತ ತೀರ್ಮಾನವಾದರೆ ಮಾಫಿ. ಈಚೆಯವರಿಗೆ ಇದೇನು ಸಣ್ಣ ಶಿಕ್ಷೆಯಲ್ಲ. ಬೇಕರಿಯವನಿಂದ ಪೋಸ್ಟ್ ಮಾಸ್ತರರವರೆಗೆ ಎಲ್ಲರಿಗೂ ಅದೇ ಹುಚ್ಚು. ಒಬ್ಬೊಬ್ಬರ ಮನೆಯ ಮಾಳಿಗೆ ಮೇಲೂ ಒಂದು ತಗಡಿನ ಕೋಣೆ, ಅದರೊಳಗೆ ಕಾಗದದ ಕೊಳವೆ, ಅಂಟಿಸುವ ಸರೇಸು, ಉಪ್ಪುಕಾಗದ. ವರ್ಷವೆಲ್ಲ ಮಾಡಿದ್ದನ್ನು ಏರಿಕೆ ಭಾನುವಾರ ಅಂತ ಒಂದು ದಿನ ಬಯಲಲ್ಲಿ ಹಾರಿಸುತ್ತಾರೆ. ಏಳು ವರ್ಷ ಕೈಕಟ್ಟಿ ಕೂತವರು ಆ ದಿನ ಕಿಟಕಿ ಮುಚ್ಚಿಕೊಂಡಿರುತ್ತಾರಂತೆ, ಸದ್ದು ಕೇಳಲಾರದೆ.

ಹೆಂಡತಿ ಆಚೆಯವಳಾದರೆ ಮನೆಗೆ ಗೆಳೆಯರು ಬಂದಾಗ ಅವಳು ಮಿಕ್ಸಿ ಹಾಕಬೇಕು, ಅದು ಪದ್ಧತಿ. ನಾವು ಮಿಕ್ಸಿ ತಿರುಗಿಸುತ್ತಲೇ ಇರಬೇಕು, ಅವರು ಅದರ ಸದ್ದಿನಲ್ಲಿ ಮಾತಾಡಿ ಮುಗಿಸಬೇಕು. ಅದಕ್ಕೇ ನಮ್ಮ ಬೀದಿಯಲ್ಲಿ ಚಟ್ನಿಗೆ ಬರವಿಲ್ಲ. ಇನ್ನೊಂದು ವಿಚಿತ್ರ ಕೇಳಿ. ನಾನು ಮಾತಾಡಬಹುದು. ಆಚೆಯಿಂದ ಈಚೆಗೆ ಬರುವುದಕ್ಕೆ ಪಟ್ಟಿಯಲ್ಲಿ ಯಾವ ಅಡ್ಡಿಯೂ ಇಲ್ಲ. ರಾಕೆಟ್ ಬಗ್ಗೆ ನನಗೆ ತೋಚಿದ್ದನ್ನೆಲ್ಲ ನಾನು ಬಡಬಡಿಸಬಹುದು, ಅವರು ಕೇಳಬಹುದು. ಆದರೆ ಸರಿ ಅನ್ನುವಂತಿಲ್ಲ, ತಪ್ಪು ಅನ್ನುವಂತಿಲ್ಲ, ಹುಬ್ಬು ಹಾರಿಸುವಂತಿಲ್ಲ. ಕಲ್ಲಿನ ಹಾಗೆ ಕೂತು ಅನ್ನ ಕಲಸುತ್ತಿರಬೇಕು. ಹಾಗೆ ಕೂತವರ ಎದುರು ಆರು ವರ್ಷ ಮಾತಾಡಿ ನೋಡಿ, ಆಮೇಲೆ ನನಗೆ ಸಹನೆ ಕಲಿಸಲು ಬನ್ನಿ.

ನನಗೆ ತೋಚುವುದಕ್ಕೂ ಕಾರಣವಿತ್ತು. ನಮ್ಮಪ್ಪ ಆಚೆ ಬೀದಿಯ ಕೊಡೆ ರಿಪೇರಿಯವನು. ಅವನ ಪಕ್ಕ ಕೂತು ಕಡ್ಡಿಗೆ ಬಟ್ಟೆ ಕಟ್ಟುತ್ತಲೇ ನಾನು ದೊಡ್ಡವಳಾದೆ. ಗಾಳಿ ಬಟ್ಟೆಯನ್ನು ಹೇಗೆ ಹಿಡಿಯುತ್ತೆ, ಹೇಗೆ ಬಿಡುತ್ತೆ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮದುವೆಯಾಗಿ ಬಂದ ಮೇಲೆ ಇವರ ರಾಕೆಟ್ಟಿನ ಕೊಡೆಯನ್ನು ನಾನೇ ಹೊಲಿದೆ. ಪ್ಯಾರಾಚೂಟ್ ಅಂತ ಪುಸ್ತಕದಲ್ಲಿ ಬರೆಯುತ್ತಾರಂತೆ, ಊರಿನವರೆಲ್ಲ ಕೊಡೆ ಅಂತಲೇ ಅನ್ನುವುದು. ಮೇಲೆ ಹೋದ ಕೊಳವೆ ಬಾಯಿಬಿಟ್ಟಾಗ ಬಿಚ್ಚಿಕೊಂಡು ಅದನ್ನು ಮೆಲ್ಲಗೆ ಇಳಿಸುವ ಬಟ್ಟೆ ಅದು. ಬಟ್ಟೆ ಪಟ್ಟಿಯಲ್ಲಿಲ್ಲ, ಎಲ್ಲರ ಮನೆಯಲ್ಲೂ ಬಟ್ಟೆ ಇರುತ್ತಲ್ಲ. ಹಾಗಾಗಿ ಅದರ ಅಗಲವನ್ನು ನನಗೆ ಕೊಡಬಹುದಿತ್ತು. ಒಂದು ದಾರದ ತುಂಡು ಬರುತ್ತಿತ್ತು. ದಾರದ ಒಂದು ತುದಿಗೆ ಗುಂಡುಪಿನ್ನು ಚುಚ್ಚಿ, ಇನ್ನೊಂದು ತುದಿಗೆ ಸೀಮೆಸುಣ್ಣ ಹಿಡಿದು ಸುತ್ತ ಗೆರೆ ಎಳೆದರೆ ಅದೇ ಅಳತೆ. ಕತ್ತರಿಸಿ, ಅಂಚು ಹೊಲಿದು, ದಾರಗಳನ್ನು ಕಟ್ಟಿ, ಅಂಟಿಕೊಳ್ಳದಿರಲಿ ಅಂತ ಅಕ್ಕಿಹಿಟ್ಟು ಉದುರಿಸಿ ಎಂಟು ಮಡಿಕೆ ಮಾಡಿ ಕೊಡುತ್ತಿದ್ದೆ. ಹೊಲಿದ ಕೈ ಮಡಿಸಿದ್ದನ್ನು ಇನ್ನೊಂದು ಕೈ ಬಿಚ್ಚಬಾರದು, ಹಾಗೇ ಕೊಳವೆಯೊಳಗೆ ಹೋಗಬೇಕು ಅಂತ ಈ ಊರವರ ನಂಬಿಕೆ.

ದಾರ ತರುತ್ತಿದ್ದವಳು ಮಂದಾಕಿನಿ ಟೀಚರ್.

ಇನ್ನು ಇವಳ ವಿಷಯ ಹೇಳದೆ ನನಗೆ ನಿದ್ದೆ ಬರುವುದಿಲ್ಲ. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಮದುವೆಯಾಗಿರಲಿಲ್ಲ. ಒಂದೇ ಜಡೆ, ಕೈಗೆ ಬಳೆ ಇಲ್ಲ, ಬೆರಳ ತುದಿಯಲ್ಲಿ ಸದಾ ಸರೇಸು. ಚೆಲುವೆಯೇನಲ್ಲ, ಹಾಗಂತ ನಾನು ಕನ್ನಡಿ ಮುಂದೆ ನಿಂತು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನನ್ನ ಮದುವೆಗೂ ಮುಂಚಿನಿಂದ ಅವಳೂ ಇವರೂ ರಾಕೆಟ್ಟಿಗೆ ಜೋಡಿ. ಇವರು ಕೊಳವೆ, ರೆಕ್ಕೆ ಮಾಡುವುದು, ಅವಳು ಎಷ್ಟು ಎತ್ತರ, ಎಲ್ಲಿ ಇಳಿಯುತ್ತೆ ಅನ್ನುವ ಲೆಕ್ಕ ಬರೆದು ಸಹಿ ಹಾಕುವುದು. ಕೊಳವೆಯ ಮೇಲೆ ಎರಡು ಹೆಸರು, ದಾಮೋದರ, ಮಂದಾಕಿನಿ, ಕೆಂಪು ಬಣ್ಣದಲ್ಲಿ, ಒಂದರ ಕೆಳಗೆ ಒಂದು. ಲಗ್ನಪತ್ರಿಕೆಯ ಹಾಗೆ. ಅದನ್ನು ಮೊದಲ ಸಲ ನೋಡಿದ ದಿನ ನಾನು ಅನ್ನ ಸೀಯಿಸಿದೆ.

ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಇವರು ಅವಳ ಮನೆಗೆ ಹೋಗುತ್ತಿದ್ದರು. ನಮ್ಮಲ್ಲಿ ಕೋಣೆ ಇದ್ದರೂ ಅಲ್ಲಿ ಯಾಕೆ ಅಂದರೆ, ಇಲ್ಲಿ ನಾನಿದ್ದೇನಲ್ಲ, ಮಿಕ್ಸಿ ಎಷ್ಟು ಹೊತ್ತು ತಿರುಗೀತು? ಟೀಚರ್ ಮನೆಯ ಪಕ್ಕದ ಮನೆ ತುಂಗಮ್ಮನದು. ಊರಿನಲ್ಲಿ ಯಾರ ಹೊಟ್ಟೆಯಲ್ಲಿ ಏನಿದೆ ಅಂತ ಮೊದಲು ಗೊತ್ತಾಗುವುದು ಆಕೆಗೆ. "ನಿನ್ ಗಂಡ ನಿಮ್ಮನೇಲಿ ಮೂಕ ಬಸವ ಅಂತೀಯಲ್ಲೇ ಪಾರಿ, ಅಲ್ಲಿ ಬಂದು ನೋಡು, ಅರಳು ಹುರಿದ ಹಾಗೆ ಮಾತಾಡ್ತಾನೆ. ಆ ಟೀಚರು ಬಿದ್ದು ಬಿದ್ದು ನಗ್ತಾಳೆ. ಅದೇನು ಲೆಕ್ಕವೋ, ನಗು ಬರೋ ಲೆಕ್ಕ ನಾನಂತೂ ಕಾಣೆ," ಅಂತ ಸೊಪ್ಪು ಬಿಡಿಸುತ್ತಾ ಹೇಳಿಬಿಟ್ಟರು. ಹೇಳಿದ್ದು ನಗುತ್ತಾ. ನನಗೆ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು.

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ನಾನು ದೊಡ್ಡವಳಾಗುವುದು ಬೇಡ. ಇವರು ಅವಳ ಕೈ ಹಿಡಿದಿದ್ದಾರೆ ಅಂತ ಯಾರಾದರೂ ಬಂದು ಹೇಳಿದ್ದರೆ ಒಂದು ರಂಪ ಮಾಡಿ ಮುಗಿಸುತ್ತಿದ್ದೆ. ಹಾಗೇನಿರಲಿಲ್ಲ ಅಂತ ನನಗೂ ಗೊತ್ತಿತ್ತು. ನನ್ನನ್ನು ಸುಟ್ಟದ್ದು ಆ ಮಾತು. ಇವರು ಅರಳು ಹುರಿದ ಹಾಗೆ ಮಾತಾಡುವುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲವಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತು. ಮಧ್ಯಾಹ್ನ ಊಟಕ್ಕೆ ಬಂದಿದ್ದರು. ಹುರುಳಿಕಾಳಿನ ಸಾರು ಮಾಡಿದ್ದೆ. ಈ ಸಲ ಎಲ್ಲರಿಗಿಂತ ಎತ್ತರ ಹೋಗುವುದನ್ನು ಮಾಡುತ್ತಿದ್ದಾರೆ ಅಂತ ಊರೆಲ್ಲ ಮಾತು, ನನಗೆ ತುಂಗಮ್ಮನಿಂದ. ಬಡಿಸುತ್ತಾ ಸುಮ್ಮನೆ ಅಂದೆ: "ರೀ, ಅಷ್ಟು ಎತ್ತರದಿಂದ ಇಳಿಯೋ ಕೊಡೆ ಗಾಳಿಗೆ ತೂಗಾಡ್ಕೊಂಡು ಎಲ್ಲೆಲ್ಲೋ ಹೋಗುತ್ತೆ. ನಮ್ಮಪ್ಪ ಸಂತೆ ಅಂಗಡಿಯವರ ದೊಡ್ಡ ಕೊಡೆಗೆ ನೆತ್ತೀಲಿ ಒಂದು ತೂತು ಬಿಡ್ತಿದ್ದ. ಕೆಳಗಿಂದ ಹೊಕ್ಕ ಗಾಳಿ ಅಲ್ಲಿಂದ ಹೊರಟುಹೋಗುತ್ತೆ, ಕೊಡೆ ಎಳೆದಾಡಲ್ಲ. ನಿಮ್ಮದಕ್ಕೂ ಅಂಗೈ ಅಗಲ ಒಂದು ತೂತು ಬಿಟ್ರೆ ನೆಟ್ಟಗೆ ಇಳಿಯುತ್ತೆ, ಗೆರೆ ಕಡೆ ಹೋಗಲ್ಲ."

ಕಲಸುತ್ತಿದ್ದ ಕೈ ನಿಂತಿತು. ಅಷ್ಟೇ. ಒಂದು ಗಳಿಗೆ ನಿಂತು ಮತ್ತೆ ಕಲಸತೊಡಗಿತು. ಮುಖದಲ್ಲಿ ಏನೂ ಇಲ್ಲ. ನಾನು ಸೌಟು ಹಿಡಿದು ಕಾದೆ, ಎಷ್ಟು ಕಾದೆ ಅಂದರೆ ಸಾರು ಆರಿತು. ಆಮೇಲೆ, "ಮಜ್ಜಿಗೆ ಹಾಕಲಾ?" ಅಂದೆ. "ಹೂಂ," ಅಂದರು. ಆ ಹೂಂ ಮಜ್ಜಿಗೆಗೆ.

ಮರುದಿನ ಕಾಫಿ ಕೂಡ ಕುಡಿಯದೆ ಟೀಚರ್ ಮನೆಗೆ ಓಡಿದರು. ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲೂ ಪುರುಸೊತ್ತಿಲ್ಲ. ಅವತ್ತು ಅಲ್ಲಿ ನಗು ಬೀದಿಯವರೆಗೆ ಕೇಳಿತಂತೆ. ನನಗೆ ಖಾತ್ರಿಯಾಯಿತು. ನನ್ನ ಮಾತನ್ನು ಅವಳ ಮುಂದೆ ಇಟ್ಟು ಇಬ್ಬರೂ ಸೇರಿ ನಗುತ್ತಿದ್ದಾರೆ. ಕೊಡೆ ರಿಪೇರಿಯವನ ಮಗಳು ರಾಕೆಟ್ಟಿಗೆ ತೂತು ಕೊರೆಯಲು ಬಂದಳು ಅಂತ.

ಆದರೂ ಆಸೆ ಬಿಡಬೇಕಲ್ಲ. ಏರಿಕೆ ಭಾನುವಾರಕ್ಕೆ ಇಪ್ಪತ್ತು ದಿನ ಇರುವಾಗ ಟೀಚರ್ ಬಂದಾಗ ಅವಳ ಕೈಯನ್ನೇ ನೋಡಿದೆ. ತೂತು ಬಿಡಬೇಕು ಅಂದಿದ್ದರೆ ಎರಡು ದಾರ ಬರಬೇಕು, ಅಂಚಿಗೆ ಉದ್ದನೆಯದು, ನೆತ್ತಿಗೆ ಗಿಡ್ಡನೆಯದು. ಅವಳು ಕೊಟ್ಟದ್ದು ಒಂದೇ ದಾರ. ಕೊಟ್ಟು ಹೋಗಲಿಲ್ಲ ಬೇರೆ, ಹೊಸ್ತಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡಿದಳು. ಏನೋ ಕೊಡಬೇಕಾದ್ದನ್ನು ನಾನು ಇಟ್ಟುಕೊಂಡಿರುವ ಹಾಗೆ.

"ಇಷ್ಟೇನಾ ಟೀಚರ್?" ಅಂದೆ.

ಅವಳು ಸ್ವಲ್ಪ ನಕ್ಕು ಹೊರಟುಹೋದಳು. ಆ ನಗು ನೋಡಿ ನನ್ನ ಮೈಯೆಲ್ಲ ಹತ್ತಿ ಉರಿಯಿತು. ಸರಿ ಕಣಮ್ಮ, ನಿನ್ನ ದಾರದ ಪ್ರಕಾರವೇ ಹೊಲಿಯುತ್ತೇನೆ, ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಮಾಡಲ್ಲ ಅಂದುಕೊಂಡೆ. ರಾಕೆಟ್ ಗೆರೆ ಕಡೆ ಹೋಗುತ್ತೆ ಅಂತ ನನಗೆ ಗೊತ್ತಿತ್ತು. ಲೆಕ್ಕಕ್ಕೆ ಸಹಿ ಅವಳದು, ಏಳು ವರ್ಷ ಅವಳಿಗೆ, ಇವರಿಗೇನೂ ಆಗುವುದಿಲ್ಲ ಅಂತಲೂ ಗೊತ್ತಿತ್ತು. ಏಳು ವರ್ಷ ಬೆಳಗ್ಗೆ ಇವರು ಮನೆಯಲ್ಲೇ ಕಾಫಿ ಕುಡಿಯುತ್ತಾರೆ. ಹೊಲಿಗೆ ಮಿಷನ್ ತುಳಿಯುತ್ತಾ ನಾನು ಯೋಚಿಸಿದ್ದು ಇದನ್ನೇ. ಅಷ್ಟು ಚೊಕ್ಕವಾಗಿ ನಾನು ಯಾವ ಕೊಡೆಯನ್ನೂ ಹೊಲಿದಿರಲಿಲ್ಲ. ಹಿಟ್ಟು ಉದುರಿಸಿ, ಎಂಟು ಮಡಿಕೆ ಮಾಡಿ, ದಾರ ಸುತ್ತಿ ಇವರ ಕೈಗೆ ಕೊಟ್ಟೆ. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಹತ್ತಿರ ಇಟ್ಟುಕೊಂಡರು. ಬಿಚ್ಚಿ ನೋಡಲಿಲ್ಲ.

ಏರಿಕೆ ಭಾನುವಾರ ಊರೆಲ್ಲ ಬಯಲಲ್ಲಿ. ಆಚೆಯವರಿಗೆ ಅಂತ ದೂರದಲ್ಲಿ ಹಗ್ಗ ಕಟ್ಟಿದ ಜಾಗ, ನಾವು ಅಲ್ಲಿಂದಲೇ ನೋಡುವುದು. ಬೇಕರಿಯವನದು ಅರ್ಧಕ್ಕೆ ಹೋಗಿ ಸುತ್ತಿಕೊಂಡು ಬಿತ್ತು, ಜನ ಹೋ ಅಂದರು. ಪೋಸ್ಟ್ ಮಾಸ್ತರರದು ಚೆನ್ನಾಗಿ ಹೋಗಿ ಹುಣಸೆಮರಕ್ಕೆ ಸಿಕ್ಕಿಕೊಂಡಿತು. ಇವರದು ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಹೋಯಿತು. ಆಮೇಲೆ ಬಿಳೀ ಚುಕ್ಕೆಯೊಂದು ಅರಳಿತು. ಅಯ್ಯೋ, ಎಷ್ಟು ಚೆಂದವಿತ್ತು ಗೊತ್ತಾ ಆ ಬಟ್ಟೆ! ಒಂದೂ ಸುಕ್ಕಿಲ್ಲ. ನನ್ನ ಕೈಯದು ಅಂತ ಕೂಗಿ ಹೇಳುವಂತಿತ್ತು. ಅಷ್ಟರಲ್ಲಿ ಅದು ತೂಗಾಡತೊಡಗಿತು, ಆ ಕಡೆಗೊಮ್ಮೆ ಈ ಕಡೆಗೊಮ್ಮೆ, ಗಾಳಿಯನ್ನು ಹೊಟ್ಟೆ ತುಂಬ ಹಿಡಿದುಕೊಂಡು ತೇಲುತ್ತಾ ತೇಲುತ್ತಾ ನಮ್ಮ ತಲೆಯ ಮೇಲೆ ಹಾದು, ಮಾರ್ಕೆಟ್ಟಿನ ಮೇಲೆ ಹಾದು, ಗೆರೆ ದಾಟಿ, ಆಚೆಯ ಮನೆಗಳ ಹಿಂದೆ ಇಳಿಯಿತು. ಊರಿಗೆ ಊರೇ ಬಾಯಿ ತೆರೆದು ನಿಂತಿತ್ತು. ನಾನು ಟೀಚರ್ ಕಡೆ ನೋಡಿದೆ. ಅವಳು ಆಕಾಶ ನೋಡುತ್ತಿರಲಿಲ್ಲ, ದೂರದಿಂದ ನನ್ನನ್ನು ನೋಡುತ್ತಿದ್ದಳು. ಇವರೂ ನನ್ನನ್ನೇ ನೋಡುತ್ತಿದ್ದರು. ಗೆದ್ದೆ ಅನ್ನಿಸಬೇಕಿತ್ತು, ಇಬ್ಬರಿಗೂ ಬೆನ್ನು ಹಾಕಿ ಮನೆ ಕಡೆ ನಡೆದುಬಿಟ್ಟೆ.

ಸಂಜೆಯೊಳಗೆ ನಮ್ಮಣ್ಣ ಕೊಳವೆಯನ್ನೂ ಕೊಡೆಯನ್ನೂ ಸೈಕಲ್ ಹಿಂದೆ ಕಟ್ಟಿಕೊಂಡು ತಂದು ರಹದಾರಿ ಕಚೇರಿಗೆ ಕೊಟ್ಟು ಹೋದ, ನಮ್ಮ ತವರುಮನೆಯ ಪಕ್ಕದ ಮಾಳಿಗೆ ಮೇಲೇ ಬಿದ್ದಿತ್ತಂತೆ. ವಾಪಸು ಬರುವುದಕ್ಕೆ ಅಡ್ಡಿ ಇಲ್ಲವಲ್ಲ. ಆದರೆ ಹೋದದ್ದು ಹೋಯಿತು. ಟೀಚರ್ ಹೆಸರಿಗೆ ನೋಟೀಸು ಬಂತು, ಬುಧವಾರ ಹನ್ನೊಂದು ಗಂಟೆಗೆ ವಿಚಾರಣೆ. ಅವತ್ತು ಗಾಳಿ ಹೇಳಿಕೊಳ್ಳುವಷ್ಟು ಇರಲಿಲ್ಲ, ಗಾಳಿಯ ತಪ್ಪು ಅನ್ನುವ ಹಾಗಿಲ್ಲ ಅಂತ ಊರೆಲ್ಲ ಮಾತು. ಇವರು ಊಟ ಬಿಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಅದೇ ಒಂದು ಉತ್ತರವಾಗುತ್ತದಲ್ಲ.

ಮಂಗಳವಾರ ಮಧ್ಯಾಹ್ನ ಸ್ಕೂಲಿನಿಂದ ನೇರ ಟೀಚರ್ ನಮ್ಮ ಮನೆಗೆ ಬಂದಳು. ನಾನು ಅಭ್ಯಾಸಬಲದಿಂದ ಮಿಕ್ಸಿ ಕಡೆ ಹೋದೆ.

"ಮಿಕ್ಸಿ ಬೇಡಿ ಪಾರಿಜಾತಮ್ಮ," ಅಂದಳು. "ನಾನು ನಿಮಗೆ ಏನೂ ಹೇಳಲ್ಲ. ನಿಮ್ಮದನ್ನೇ ನಿಮಗೆ ವಾಪಸು ಕೊಟ್ಟು ಹೋಗ್ತೀನಿ. ಅದು ಸಾಗಣೆ ಅಲ್ಲ, ಪಟ್ಟಿ ನೋಡಿಕೊಂಡೇ ಬಂದಿದ್ದೀನಿ."

"ನನ್ನದು ನಿಮ್ಮ ಹತ್ರ ಏನಿದೆಯಮ್ಮ?" ನನ್ನ ದನಿಯಲ್ಲಿ ಮೆಣಸಿನಕಾಯಿ ಇತ್ತು.

ಅವಳು ಹೊಸ್ತಿಲ ಮೇಲೇ ಕೂತು ಮಗ್ಗಿ ಒಪ್ಪಿಸುವ ಹಾಗೆ ಶುರುಮಾಡಿದಳು. ಮದುವೆಯಾದ ವರ್ಷ ನಾನು ರೆಕ್ಕೆಯ ಅಂಚು ಕೊಡೆಕಡ್ಡಿಯ ಹಾಗೆ ತೆಳ್ಳಗಿದ್ದರೆ ಒಳ್ಳೆಯದು ಅಂದದ್ದು. ಎರಡನೇ ವರ್ಷ ಕೊಳವೆಗೆ ಅಂಟು ಒಣಗುವ ಮುಂಚೆ ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತೆ ಅಂದದ್ದು. ಮೂಲಂಗಿ ಹೆಚ್ಚುತ್ತಾ ಅಂದದ್ದು, ಜ್ವರ ಬಂದು ಮಲಗಿದ್ದಾಗ ಅಂದದ್ದು, ಸಿಟ್ಟಿನಲ್ಲಿ ಅಂದದ್ದು. ನಾನೇ ಮರೆತಿದ್ದ ಮಾತುಗಳು. ಒಂದೂ ಬಿಡದೆ. ಕೊನೆಗೆ ಹುರುಳಿಸಾರಿನ ದಿನದ್ದು, ಅಪ್ಪನ ಸಂತೆ ಕೊಡೆ, ಅಂಗೈ ಅಗಲದ ತೂತು, ನನ್ನ ಮಾತು ನನ್ನದೇ ಧಾಟಿಯಲ್ಲಿ.

"ಇದೆಲ್ಲ ನಿಮಗೆ..."

"ಬೆಳಗ್ಗೆ ಬರ್ತಾರೆ. ಚಪ್ಪಲಿ ಬಿಡೋದಕ್ಕೆ ಮುಂಚೇನೇ ಶುರು, 'ಪಾರಿ ನಿನ್ನೆ ಹಿಂಗಂದ್ಲು ಟೀಚರ್.' ನಿಮ್ಮ ಹಾಗೇ ಸೊಂಟದ ಮೇಲೆ ಕೈ ಇಟ್ಕೊಂಡು ಹೇಳಿ ತೋರಿಸ್ತಾರೆ, ನನಗೆ ನಗು ತಡೆಯೋಕಾಗಲ್ಲ. ಹೇಳಿ ಮುಗಿಸಿ ಗೋಡೆ ಕಡೆ ತಿರುಗಿ ಹೂಂ, ಹೂಂ, ಹೂಂ ಅಂತಾರೆ. ಯಾವುದಕ್ಕೆ ಹೂಂ, ಯಾಕೆ ಹೂಂ, ಅದನ್ನ ನಾನು ಹೇಳಲ್ಲ. ಒಂದು ದಿನ ಕೇಳೇಬಿಟ್ಟೆ, ಏನ್ರೀ ಇದು, ಗೋಡೆ ಜೊತೆ ಮಾತು ಅಂತ. 'ಮನೇಲಿ ಅನ್ನೋ ಹಾಗಿಲ್ವಲ್ಲ ಟೀಚರ್, ಗಂಟಲಲ್ಲೇ ಉಳಿದುಬಿಡುತ್ತೆ, ಇಲ್ಲಿ ಬಂದು ಅಂದು ಹೋಗ್ತೀನಿ' ಅಂದ್ರು."

"ಮತ್ತೆ ಒಂದೇ ದಾರ ಯಾಕೆ ತಂದ್ರಿ?" ಅಂದೆ.

"ಎರಡನೇ ದಾರ ಅಂದ್ರೆ ಏನರ್ಥ ಆಗುತ್ತೆ, ಪಟ್ಟಿಯಲ್ಲಿ ಅದಕ್ಕೆ ಎಷ್ಟು ವರ್ಷ, ನೀವೇ ಯೋಚನೆ ಮಾಡಿ," ಅಂದು ಎದ್ದಳು. ಮೆಟ್ಟಿಲಿಳಿದು ನಿಂತು ಹಿಂದಿರುಗಿ ನೋಡಿದಳು. "ನನ್ನ ಕಂಡ್ರೆ ನಿಮಗಾಗಲ್ಲ ಅಂತ ನನಗೆ ಗೊತ್ತು. ಆರು ವರ್ಷ ಒಬ್ಬ ಗಂಡಸು ಹೆಂಡತಿ ಮಾತನ್ನ ತಂದು ತಂದು ನನ್ನ ಮುಂದೆ ಸುರಿದಿದ್ದಾರೆ. ನನ್ನ ಮಾತನ್ನ ಹಾಗೆ ಹೊತ್ಕೊಂಡು ಓಡಾಡೋರು ಒಬ್ಬರೂ ಇಲ್ಲ. ಹೊಟ್ಟೆ ಉರ್ಕೋಬೇಕಾದವಳು ನಾನು ಕಣ್ರೀ, ನೀವಲ್ಲ."

ಎರಡನೇ ದಾರ ಅಂದರೆ ಒಂದು ಹೂಂ. ಎರಡನೇ ದಾರ ಕಳಿಸಿದ್ದರೆ ನನ್ನ ಮಾತು ಸರಿ ಅಂತ ನನಗೆ ಹೇಳಿದಂತೆಯೇ ಆಗುತ್ತಿತ್ತು. ಕಳಿಸಲಾರದೆ ಇಬ್ಬರೂ ನನ್ನನ್ನು ನಂಬಿ ಕೂತಿದ್ದರು. ತೂತು ಬಿಡಬೇಕು ಅಂತ ಬಾಯಿಬಿಟ್ಟು ಹೇಳಿದವಳು ಹೊಲಿಯುವಾಗ ಬಿಡದೆ ಇರುತ್ತಾಳೆಯೆ ಅಂತ. ಬಿಚ್ಚಿ ಕೂಡ ನೋಡಲಿಲ್ಲವಲ್ಲ, ಎದೆಗಿಟ್ಟುಕೊಂಡರಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅಳುವಿನ ನಡುವೆಯೂ ನನಗೆ ಬಂದ ಯೋಚನೆ ಏನು ಅಂದರೆ, ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ನನಗೆ ಬರಬೇಕಾದ ಹೂಂಗಳನ್ನೆಲ್ಲ ಇವಳು ಕೇಳಿಸಿಕೊಂಡಳಲ್ಲ, ಆರು ವರ್ಷ, ಪಾಪಿ!

ಬುಧವಾರ ಕಚೇರಿಯ ಜಗಲಿ ತುಂಬ ಜನ. ರಹದಾರಿ ಸಾಹೇಬರು ವಯಸ್ಸಾದವರು, ಕೆಟ್ಟವರಲ್ಲ, ಪಟ್ಟಿ ಬಿಟ್ಟು ಆ ಕಡೆ ಈ ಕಡೆ ನೋಡುವವರೂ ಅಲ್ಲ. ಅವರ ಮೇಜಿನ ಮೇಲೆ ನನ್ನ ಕೊಡೆ ಹರಡಿಕೊಂಡಿತ್ತು. ಟೀಚರ್ ಎದುರಿಗೆ ನಿಂತಿದ್ದಳು, ಜಡೆ ಬಿಗಿಯಾಗಿ ಹೆಣೆದುಕೊಂಡು ಬಂದಿದ್ದಳು. ಸಾಹೇಬರು ಕನ್ನಡಕ ಏರಿಸಿ, "ಇಳಿಯುವ ಲೆಕ್ಕ ನಿಮ್ಮದು, ಸಹಿ ನಿಮ್ಮದು. ಏನಾದರೂ ಹೇಳೋದಿದೆಯಾ?" ಅಂದರು. "ಇಲ್ಲ," ಅಂದಳು. ನನ್ನ ಹೆಸರು ಎತ್ತಲಿಲ್ಲ.

ನಾನು ಎದ್ದೆ. ತವರಿನಿಂದ ತರಿಸಿದ್ದ ಅಪ್ಪನ ಹಳೆಯ ಸಂತೆ ಕೊಡೆ ಕೈಯಲ್ಲಿತ್ತು. "ಸಾಹೇಬ್ರೇ, ತಪ್ಪು ಟೀಚರದಲ್ಲ. ಕೊಡೆ ಹೊಲಿದವಳು ನಾನು. ನೆತ್ತಿಗೆ ತೂತು ಬಿಡಬೇಕಿತ್ತು. ಗೊತ್ತಿದ್ದೂ ಬಿಡಲಿಲ್ಲ. ಬೇಕಂತಲೇ," ಅಂದೆ.

ಜಗಲಿ ಗುಜುಗುಜು ಅಂತು. "ಯಾಕೆ?" ಅಂದರು ಸಾಹೇಬರು.

"ಹೊಟ್ಟೆಕಿಚ್ಚಿಗೆ." ತುಂಗಮ್ಮ ಹಿಂದೆ ಎಲ್ಲೋ ಅಯ್ಯೋ ಶಿವನೇ ಅಂದದ್ದು ಕೇಳಿಸಿತು.

"ತೂತಿನ ವಿಷಯ ನಿಮಗೆ ಯಾರು ಹೇಳಿದ್ದಮ್ಮ?" ದನಿ ಬದಲಾಗಿತ್ತು. ಅವರ ಕಣ್ಣು ಇವರ ಮೇಲೆ ಹೋಯಿತು.

"ನಮ್ಮಪ್ಪ," ಅಂದು ಕೊಡೆ ಬಿಚ್ಚಿದೆ. ನೆತ್ತಿಯ ತೂತು, ಅದರ ಮೇಲೆ ಟೊಪ್ಪಿಯ ಹಾಗೆ ಇನ್ನೊಂದು ಚೂರು ಬಟ್ಟೆ. ಕೆಳಗೆ ಮುಖ ಮಾಡಿ ಬೀಸಿದೆ, ಮೇಜಿನ ಮೇಲಿನ ಕಾಗದಗಳು ಹಾರಿದವು, ಕೊಡೆ ನನ್ನ ಕೈಯಲ್ಲಿ ಎಳೆದಾಡಲಿಲ್ಲ. ಸಾಹೇಬರು ಕಾಗದ ಹೆಕ್ಕಿಸಿ, ತೂತಿನೊಳಗೆ ಬೆರಳು ತೂರಿಸಿ ನೋಡಿದರು.

"ನೀವು ಆಚೆಯವರು, ಪಟ್ಟಿ ನಿಮಗೆ ತಟ್ಟೋದಿಲ್ಲ. ನೀವಂದದ್ದು ನಿಜವಾದರೆ ಲೆಕ್ಕ ಸರಿ, ಹೊಲಿಗೆ ತಪ್ಪು, ಟೀಚರ್ ಮನೆಗೆ ಹೋಗಬಹುದು. ಆದರೆ ಸಂತೆ ಕೊಡೆಗೆ ಆಗೋದು ರಾಕೆಟ್ಟಿಗೆ ಆಗುತ್ತೆ ಅಂತ ನನಗೇನು ಗೊತ್ತು? ಆ ರಾಕೆಟ್ ಬಲ್ಲವರು ಇಬ್ಬರೇ. ಟೀಚರ್ ಮಾತು ನಾನು ತಗೊಳ್ಳೋ ಹಾಗಿಲ್ಲ. ದಾಮೋದರ್, ನೀವು ಹೇಳಬೇಕು. ತೂತಿದ್ದರೆ ಅದು ಈಚೆ ಇಳೀತಿತ್ತಾ?" ಅಂದವರು ನನ್ನ ಕಡೆ ತಿರುಗಿ, ಮೆಲ್ಲಗೆ, "ಅಮ್ಮ, ನೀವು ಸ್ವಲ್ಪ ಹೊರಗೆ ನಿಂತಿರಿ. ನಿಮ್ಮ ಯಜಮಾನರು ನನಗೆ ಹೇಳಲಿ," ಅಂದರು.

ಅಷ್ಟು ಸುಲಭವಿತ್ತು. ನಾನು ಹೊರಗೆ ಹೋಗಿ ಬಸಳೆ ಚಪ್ಪರದ ಹತ್ತಿರ ನಿಂತರೆ ಸಾಕಿತ್ತು. ಇವರು ಒಳಗೆ ಹೇಳುತ್ತಿದ್ದರು, ಟೀಚರ್ ಪಾರಾಗುತ್ತಿದ್ದಳು, ಯಾರಿಗೂ ಏನೂ ಆಗುತ್ತಿರಲಿಲ್ಲ. ನಾನು ಕೊಡೆ ಮಡಿಸಿ ಹೊರಟೆ.

"ಅವಳು ಇಲ್ಲೇ ಇರಲಿ," ಅಂದರು ಇವರು.

"ದಾಮೋದರ್, ಯೋಚನೆ ಮಾಡಿ," ಅಂದರು ಸಾಹೇಬರು. ಟೀಚರ್, "ಬೇಡ ಕಣ್ರೀ!" ಅಂದೇಬಿಟ್ಟಳು. ಇವರು ಯಾರ ಮಾತೂ ಕೇಳಿಸದವರ ಹಾಗೆ ಎದ್ದು ನನ್ನ ಎದುರಿಗೆ ಬಂದು ನಿಂತರು. ಕಣ್ಣಿಗೆ ಸದಾ ಇರುತ್ತಿದ್ದ ಭೂತಗನ್ನಡಿ ಇರಲಿಲ್ಲ. ಎರಡೂ ಕಣ್ಣಿನಿಂದ ನನ್ನನ್ನು ನೋಡಿ ಅಂದರು.

"ಹೂಂ."

ಸಾಹೇಬರು ಲೇಖನಿ ತೆಗೆದು ಶಾಯಿಗೆ ಅದ್ದಿ ನಿಟ್ಟುಸಿರು ಬಿಟ್ಟು ಬರೆದರು. ಟೀಚರ್‌ಗೆ ಬಿಡುಗಡೆ. ದಾಮೋದರನಿಗೆ ಮೂರು ವರ್ಷ.

ಇವರು ಮನೆಗೆ ಬಂದು ಮಾಳಿಗೆ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಟೀಚರ್‌ಗೆ ಕಳಿಸಿಕೊಟ್ಟರು. ಕೈತೊಳೆದು ಎಲೆ ಮುಂದೆ ಕೂತರು. ಅನ್ನ ಬಡಿಸಿದೆ. "ನಿಮಗೆ ನನ್ನ ಮೇಲೆ ಸಿಟ್ಟಿಲ್ವೇನ್ರೀ?" ಅಂದೆ. ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಎಲೆಯ ಮೇಲಿನ ಅನ್ನದಲ್ಲಿ ಅಂಗೈ ಅಗಲ ಒಂದು ಗುಂಡಿ ಮಾಡಿ ಸಾರಿಗೆ ಕಾದರು.

ಈಗ ಒಂದು ವರ್ಷವಾಯಿತು. ಇವರು ಬೆಳಗ್ಗೆ ಮನೆಯಲ್ಲೇ ಕಾಫಿ ಕುಡಿಯುತ್ತಾರೆ, ನಾನು ಬಯಸಿದ ಹಾಗೇ. ಏರಿಕೆ ಭಾನುವಾರ ಬಯಲಿಗೆ ಬರಲಿಲ್ಲ, ಕಿಟಕಿ ಮುಚ್ಚಿಕೊಂಡು ಒಂದು ಹಳೆಯ ಗೋಡೆಗಡಿಯಾರ ಬಿಚ್ಚಿ ಕೂತಿದ್ದರು. ಟೀಚರ್ ಒಬ್ಬಳೇ ಹಾರಿಸಿದಳು. ನಾನು ಹೊಲಿದ ಕೊಡೆ, ನೆತ್ತಿಯಲ್ಲಿ ತೂತು ಬಿಟ್ಟದ್ದು, ಬಯಲಿನ ನಡುವೆ ನೆಟ್ಟಗೆ ಇಳಿಯಿತು. ದಾರ ಕೊಡಲು ಬಂದಾಗ ಅವಳಿಗೆ ಕಾಫಿ ಕೊಡುತ್ತೇನೆ. ಒಳ್ಳೆಯವಳು. ಆದರೂ ಇವರು ಗೋಡೆ ಕಡೆ ತಿರುಗಿ ಎಷ್ಟು ಹೂಂ ಅಂದಿರಬಹುದು, ಅವಳು ಎಷ್ಟನ್ನು ಕೇಳಿಸಿಕೊಂಡಿರಬಹುದು ಅಂತ ನೆನಪಾದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ, ಆ ಉರಿ ಹೋಗುವಂಥದಲ್ಲ. ಆಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವಳ ಕಿವಿಗೆ ಬಿದ್ದದ್ದು ಸಾವಿರವೇ ಇರಲಿ, ಒಂದಕ್ಕೂ ಇವರು ಏನೂ ತೆತ್ತಿಲ್ಲ. ನನಗೆ ಸಿಕ್ಕಿದ್ದು ಒಂದೇ. ಅದು ಮೂರು ವರ್ಷದ್ದು.